ಭಾಷೆ ಬದಲಿಸುವ ಕೀಲಿ ಎಲ್ಲಿದೆ?

ನಮ್ಮ ತಂದೆಯವರು ಮಲೆನಾಡಿನ ಸಣ್ಣ ಊರೊಂದರಲ್ಲಿ ಸುಮಾರು ನಲವತ್ತು ವರ್ಷ ಆಯುರ್ವೇದ ವೈದ್ಯರಾಗಿದ್ದವರು. ತಾವು ಬಳಸಿ ನೋಡಿದ ಗಿಡಮೂಲಿಕೆಗಳ ಬಗ್ಗೆ ನೋಟುಪುಸ್ತಕಗಳಲ್ಲಿ ಬರೆದಿಟ್ಟಿದ್ದ ಟಿಪ್ಪಣಿಗಳನ್ನು 2003ರಲ್ಲಿ ಪುಸ್ತಕವಾಗಿ ಹೊರತಂದರು. ಆ ಪುಸ್ತಕದ ಪ್ರತಿ ಪುಟದಲ್ಲೂ ನಾಲ್ಕು ಭಾಷೆಗಳಿದ್ದವು. ವಿವರಣೆ ಕನ್ನಡದಲ್ಲಿ, ಆಧಾರಶ್ಲೋಕ ಸಂಸ್ಕೃತದಲ್ಲಿ, ಆದರೆ ಕನ್ನಡ ಲಿಪಿಯಲ್ಲಿ, ಗಿಡದ ಶಾಸ್ತ್ರೀಯ ಹೆಸರು ಲ್ಯಾಟಿನ್ನಿನಲ್ಲಿ, ಅದರಲ್ಲಿರುವ ರಾಸಾಯನಿಕ ಅಂಶಗಳ ಹೆಸರು ಇಂಗ್ಲಿಷಿನಲ್ಲಿ. ಅವರ ಪಾಲಿಗೆ ಇದು ಪಾಂಡಿತ್ಯ ಪ್ರದರ್ಶನವಾಗಿರಲಿಲ್ಲ, ಅನಿವಾರ್ಯವಾಗಿತ್ತು. 'ಬ್ರಾಹ್ಮಿ' ಎಂದರೆ ನಮ್ಮ ಕಡೆ ಹಲವರಿಗೆ ಗದ್ದೆಯಂಚಿನ ಒಂದೆಲಗ. ಬೇರೆ ಕಡೆ ಅದೇ ಹೆಸರಿನಿಂದ ಕರೆಯುವುದು ನೀರುಬ್ರಾಹ್ಮಿಯನ್ನು. ಮೊದಲನೆಯದು ಸೆಂಟೆಲ್ಲಾ ಏಷಿಯಾಟಿಕಾ, ಎರಡನೆಯದು ಬಕೋಪಾ ಮೊನಿಯೇರಿ. ಸಸ್ಯಕುಟುಂಬವೇ ಬೇರೆ. ಲ್ಯಾಟಿನ್ ಹೆಸರನ್ನು ಅಳಿಸಿಬಿಟ್ಟರೆ ಓದುಗ ಯಾವ ಎಲೆಯನ್ನು ಕೊಯ್ಯಬೇಕೆಂಬುದು ಅವನ ಊಹೆಗೆ ಬಿಟ್ಟದ್ದು.

ತಂದೆಯವರು ತೀರಿಕೊಂಡ ಮೇಲೆ, 2019ರಲ್ಲಿ, ಪುಸ್ತಕವನ್ನು ಮರುಮುದ್ರಿಸಬೇಕೆಂದು ಹೊರಟೆ. ಹಳೆಯ ಸಿ.ಡಿ. ಸಿಕ್ಕಿತು. ಅದರಲ್ಲಿದ್ದುದು ಹಿಂದಿನ ಕಾಲದ ಅಕ್ಷರಶೈಲಿಯ ಕಡತ. ಅದನ್ನು ಯೂನಿಕೋಡಿಗೆ ಪರಿವರ್ತಿಸಿಕೊಡಲು ಡಿ.ಟಿ.ಪಿ. ಕೇಂದ್ರವೊಂದು ಒಪ್ಪಿತು. ಒಂದೇ ದಿನದಲ್ಲಿ ಕೆಲಸ ಮುಗಿಯಿತು. ಕರಡು ಕೈಗೆ ಬಂದಾಗ ಕನ್ನಡವೆಲ್ಲ ಸೊಗಸಾಗಿಯೇ ಇತ್ತು. ಆದರೆ ಲ್ಯಾಟಿನ್ ಹೆಸರು ಇರಬೇಕಾದಲ್ಲೆಲ್ಲ ಅರ್ಥವಿಲ್ಲದ ಕನ್ನಡ ಅಕ್ಷರಗಳ ಗುಂಪು ಕೂತಿತ್ತು. ಒಂದೆಲಗದ ಮುಂದೆಯೂ ಅದೇ, ನೀರುಬ್ರಾಹ್ಮಿಯ ಮುಂದೆಯೂ ಅದೇ, ಅಮೃತಬಳ್ಳಿಯ ಮುಂದೆಯೂ ಅದೇ. ಸುಮಾರು ಇನ್ನೂರ ನಲವತ್ತು ಗಿಡಗಳ ಗುರುತು ಒಂದು ಮಧ್ಯಾಹ್ನದಲ್ಲಿ ಅಳಿಸಿಹೋಗಿತ್ತು.

ಇದನ್ನು ಒಬ್ಬ ನೌಕರನ ಅಜಾಗರೂಕತೆ ಎಂದು ತಳ್ಳಿಹಾಕಬಹುದಿತ್ತು. ಹಾಗೆ ಮಾಡದೆ ಕಾರಣ ಹುಡುಕುತ್ತ ಹೋದಾಗ ನನಗೆ ಕಂಡದ್ದು ದೊಡ್ಡದೊಂದು ಸಮಸ್ಯೆಯ ಬಾಲ ಮಾತ್ರ. ನಾವು ಗಣಕದಲ್ಲಿ ಬರೆಯುವ ಕನ್ನಡ ಬರಹದಲ್ಲಿ ಭಾಷೆ ಪದೇ ಪದೇ ಬದಲಾಗುತ್ತದೆ. ಆದರೆ ಎಲ್ಲಿ ಬದಲಾಯಿತು ಎಂಬುದನ್ನು ಕಡತಕ್ಕೆ ಹೇಳುವ ಅಭ್ಯಾಸ ನಮಗಿಲ್ಲ. ಹೇಳುವುದನ್ನು ಸುಲಭಗೊಳಿಸುವ ಆಸ್ಥೆ ತಂತ್ರಾಂಶಗಳಿಗಿಲ್ಲ. ಇದರ ಬೆಲೆ ಎಷ್ಟೆಂಬುದು ಬಹಳ ತಡವಾಗಿ ಗೊತ್ತಾಗುತ್ತದೆ.

ಎರಡು ಯಂತ್ರಗಳ ಕಾಲ

ಬರಹದ ನಡುವೆ ಭಾಷೆ ಬದಲಿಸುವ ಕಷ್ಟ ಗಣಕದೊಂದಿಗೆ ಹುಟ್ಟಿದ್ದಲ್ಲ. ಮೊಳೆ ಜೋಡಿಸುವ ಮುದ್ರಣಾಲಯಗಳಲ್ಲಿ ಇಂಗ್ಲಿಷ್ ಪದವೊಂದು ಬಂತೆಂದರೆ ಜೋಡಿಸುವವನ ಕೈ ಬೇರೆ ಮೊಳೆಪೆಟ್ಟಿಗೆಗೆ ಹೋಗಬೇಕಿತ್ತು. ನಾನು ಕೆಲಸಕ್ಕೆ ಸೇರಿದ ಕಾಲೇಜಿನ ಕಚೇರಿಯಲ್ಲಿ ಎರಡು ಬೆರಳಚ್ಚು ಯಂತ್ರಗಳು ಅಕ್ಕಪಕ್ಕದಲ್ಲಿದ್ದವು, ಒಂದು ಕನ್ನಡದ್ದು, ಒಂದು ಇಂಗ್ಲಿಷಿನದು. ಕನ್ನಡ ಪತ್ರದಲ್ಲಿ ಇಂಗ್ಲಿಷ್ ಹೆಸರು ಬರುವ ಕಡೆ ಗುಮಾಸ್ತರು ಜಾಗ ಖಾಲಿ ಬಿಡುತ್ತಿದ್ದರು. ಬಳಿಕ ಹಾಳೆಯನ್ನು ಇನ್ನೊಂದು ಯಂತ್ರಕ್ಕೆ ಸುತ್ತಿ ಆ ಜಾಗವನ್ನು ತುಂಬುತ್ತಿದ್ದರು, ಇಲ್ಲವೆ ಪೆನ್ನಿನಲ್ಲಿ ಬರೆದುಬಿಡುತ್ತಿದ್ದರು. ತೊಡಕಿನ ಕೆಲಸ, ನಿಜ. ಆದರೆ ಕಾಗದದ ಮೇಲೆ ಒಮ್ಮೆ ಮೂಡಿದ ಇಂಗ್ಲಿಷ್ ಪದ ಇಪ್ಪತ್ತು ವರ್ಷದ ನಂತರವೂ ಇಂಗ್ಲಿಷಾಗಿಯೇ ಇರುತ್ತಿತ್ತು.

ಗಣಕ ಈ ಕಷ್ಟವನ್ನು ನೀಗಿಸುತ್ತದೆಂಬ ನಿರೀಕ್ಷೆ ಹಳೆಯದು. ಝೆರಾಕ್ಸ್ ಸಂಸ್ಥೆಯ ಜೋಸೆಫ್ ಬೆಕರ್ 1984ರ ಜುಲೈ ತಿಂಗಳ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ಬಹುಭಾಷಾ ಪದಸಂಸ್ಕರಣೆಯ ಬಗ್ಗೆ ಲೇಖನವೊಂದನ್ನು ಬರೆದರು. ಜಗತ್ತಿನ ಬೇರೆ ಬೇರೆ ಲಿಪಿಗಳನ್ನು ಒಂದೇ ದಾಖಲೆಯಲ್ಲಿ ಬೆರೆಸಿ ಬರೆಯುವ ಯಂತ್ರ ಸಾಧ್ಯವೆಂದು ಅದರಲ್ಲಿ ತೋರಿಸಿದರು. 1988ರಲ್ಲಿ ಯೂನಿಕೋಡ್ ಎಂಬ ಹೆಸರಿನ ಮೊದಲ ಪ್ರಸ್ತಾವವನ್ನು ಬರೆದವರೂ ಅವರೇ. 1991ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿ ಬಂದಾಗ ಕನ್ನಡಕ್ಕೂ ಅದರಲ್ಲಿ 128 ಮನೆಗಳ ಕೇರಿ ಸಿಕ್ಕಿತು.

ನಮ್ಮಲ್ಲೂ ಈ ಚಿಂತನೆ ನಡೆದಿತ್ತು. ಭಾರತೀಯ ಮಾನಕ ಬ್ಯೂರೊ 1991ರಲ್ಲಿ ಅಂಗೀಕರಿಸಿದ 'ಇಸ್ಕಿ' ಸಂಕೇತ ವ್ಯವಸ್ಥೆಯಲ್ಲಿ ಮೊದಲ ಅರ್ಧ ಇಂಗ್ಲಿಷಿಗೆ, ಉಳಿದರ್ಧ ಭಾರತೀಯ ಲಿಪಿಗಳಿಗೆ ಮೀಸಲಾಗಿತ್ತು. ಭಾರತೀಯ ಲಿಪಿಗಳಿಗೆಲ್ಲ ಒಂದೇ ಸಂಕೇತಗಳು. 'ಇಲ್ಲಿಂದ ಮುಂದೆ ಕನ್ನಡ', 'ಇಲ್ಲಿಂದ ಮುಂದೆ ತೆಲುಗು' ಎಂದು ಪಠ್ಯದ ನಡುವೆಯೇ ಸೂಚಿಸುವ ವಿಶೇಷ ಗುರುತು ಅದರಲ್ಲಿತ್ತು. ಅಂದರೆ, ಎಲ್ಲಿ ಬದಲಾಯಿತೆಂಬುದನ್ನು ಕಡತದೊಳಗೇ ಬರೆದಿಡಬೇಕೆಂಬ ವಿವೇಕ ನಮ್ಮ ತಜ್ಞರಿಗೆ ಆಗಲೇ ಇತ್ತು.

ಆದರೆ ವ್ಯವಹಾರದಲ್ಲಿ ಗೆದ್ದದ್ದು ಬೇರೆ ದಾರಿ. 1990ರ ದಶಕದ ಕೊನೆಯಲ್ಲಿ ಹಾಗೂ ಅದರ ಮುಂದಿನ ವರ್ಷಗಳಲ್ಲಿ ಕನ್ನಡಿಗರನ್ನು ಗಣಕಕ್ಕೆ ತಂದದ್ದು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ'. ಈ ಋಣವನ್ನು ನಾವು ಮರೆಯುವಂತಿಲ್ಲ. ಆಗಿನ ಗಣಕಗಳಿಗೆ ಕನ್ನಡವೇ ತಿಳಿಯದಿದ್ದುದರಿಂದ ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ಅಂಗಾಂಗಗಳನ್ನು ಕೂರಿಸುವುದೊಂದೇ ಉಪಾಯವಾಗಿತ್ತು. 'ಕನ್ನಡ' ಎಂಬ ಪದವನ್ನೇ ತೆಗೆದುಕೊಳ್ಳಿ. ಆ ಕಡತದ ಒಳಗೆ ಇರುತ್ತಿದ್ದುದು ಇಂಗ್ಲಿಷಿನ ದೊಡ್ಡ 'ಪಿ', ತಲೆಯ ಮೇಲೆ ಗೀಟಿರುವ 'ಎ', ಬ್ರಿಟಿಷ್ ಪೌಂಡಿನ ಚಿಹ್ನೆ, ಜರ್ಮನ್ ಭಾಷೆಯ ಒಂದು ಅಕ್ಷರ, ಸಣ್ಣ 'ಕ್ಯೂ' ಇತ್ಯಾದಿ. ಅಕ್ಷರಶೈಲಿಯ ಮುಸುಕು ಹಾಕಿದರೆ ಕನ್ನಡ, ಮುಸುಕು ಸರಿದರೆ ಪೌಂಡು. ಇಂಥ ಕಡತದಲ್ಲಿ ಇದು ಕನ್ನಡ, ಇದು ಇಂಗ್ಲಿಷ್ ಎಂದು ಹೇಳುವ ಏಕೈಕ ಸಾಕ್ಷಿ ಆಯಾ ತುಣುಕಿಗೆ ಹಚ್ಚಿದ ಅಕ್ಷರಶೈಲಿಯ ಹೆಸರು.

ನನ್ನ ತಂದೆಯವರ ಪುಸ್ತಕದ ಕಥೆ ಇಲ್ಲಿ ಬಿಡಿಸಿಕೊಳ್ಳುತ್ತದೆ. 2003ರಲ್ಲಿ ಅದನ್ನು ಜೋಡಿಸಿದ ಹುಡುಗಿ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದ್ದಳು. ಪ್ರತಿ ಲ್ಯಾಟಿನ್ ಹೆಸರಿಗೂ ಇಂಗ್ಲಿಷ್ ಅಕ್ಷರಶೈಲಿಯನ್ನು ಆಯ್ದು ಹಚ್ಚಿದ್ದಳು. 2019ರಲ್ಲಿ ಪರಿವರ್ತನೆ ಮಾಡಿದವರು ಇಡೀ ಪಠ್ಯವನ್ನು ನಕಲು ಮಾಡಿ, ಅಕ್ಷರಶೈಲಿಯ ಮಾಹಿತಿಯನ್ನೆಲ್ಲ ಕಳಚಿ, ಬರಿಯ ಅಕ್ಷರಗಳನ್ನು ಪರಿವರ್ತಕಕ್ಕೆ ಸುರಿದರು. ಅಲ್ಲಿದ್ದ ಏಕೈಕ ಸಾಕ್ಷಿ ಹೋಯಿತು. ಪರಿವರ್ತಕ ತನಗೆ ಸಿಕ್ಕ ಪ್ರತಿ ರೋಮನ್ ಅಕ್ಷರವನ್ನೂ ವೇಷ ಮರೆಸಿಕೊಂಡ ಕನ್ನಡವೆಂದೇ ಭಾವಿಸಿತು. ನಮ್ಮ ಕಚೇರಿಗಳಲ್ಲಿ, ಪ್ರಕಾಶನ ಸಂಸ್ಥೆಗಳಲ್ಲಿ, ಲೇಖಕರ ಮನೆಗಳಲ್ಲಿ ಇಂಥ ಹಳೆಯ ಕಡತಗಳು ಇನ್ನೂ ಇವೆ. ಅವುಗಳಲ್ಲಿ ಔಷಧದ ಹೆಸರುಗಳಿವೆ, ಕಾಯಿದೆಯ ಕಲಮುಗಳಿವೆ, ವಿಳಾಸಗಳಿವೆ.

ಒಂದು ಬದಲಾವಣೆ, ಮೂರು ಕೆಲಸ

ಈಗ ಯೂನಿಕೋಡ್ ಬಂದಾಯಿತಲ್ಲ, ಇನ್ನೇನು ತೊಂದರೆ ಎಂದು ಓದುಗರು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ತನ್ನೊಂದಿಗೆ 'ತುಂಗಾ' ಎಂಬ ಯೂನಿಕೋಡ್ ಅಕ್ಷರಶೈಲಿಯನ್ನು ತಂದಾಗಿನಿಂದ ಪರಿಸ್ಥಿತಿ ಕ್ರಮೇಣ ಸುಧಾರಿಸಿದೆ. ಇಂದು ಕನ್ನಡದ 'ಕ' ಜಗತ್ತಿನ ಯಾವ ಗಣಕದಲ್ಲೂ 'ಕ'ವೇ. ಅದು ಪೌಂಡಿನ ಚಿಹ್ನೆಯಾಗುವ ಭಯವಿಲ್ಲ. ಆದರೆ ಯೂನಿಕೋಡ್ ಹೇಳುವುದು ಲಿಪಿಯನ್ನು ಮಾತ್ರ, ಭಾಷೆಯನ್ನಲ್ಲ. ಭಾಷೆಯನ್ನು ಹೇಳುವ ಹೊಣೆಯನ್ನು ಅದು ಪದಸಂಸ್ಕಾರಕಕ್ಕೆ, ಅಂದರೆ ನಾವು ವರ್ಡ್ ಪ್ರಾಸೆಸರ್ ಎನ್ನುವ ಬರವಣಿಗೆಯ ತಂತ್ರಾಂಶಕ್ಕೆ ಬಿಟ್ಟಿದೆ.

ಆ ತಂತ್ರಾಂಶದಲ್ಲಿ ಕನ್ನಡದಿಂದ ಇಂಗ್ಲಿಷಿಗೆ ಹೋಗುವುದೆಂದರೆ ಒಂದಲ್ಲ, ಮೂರು ಕೆಲಸ. ಮೊದಲನೆಯದು ಕೀಲಿಮಣೆಯ ಬದಲಾವಣೆ, ಬೆರಳಿಟ್ಟ ಕೀಲಿಯಿಂದ ಯಾವ ಅಕ್ಷರ ಮೂಡಬೇಕೆಂಬುದು. ಎರಡನೆಯದು ಅಕ್ಷರಶೈಲಿಯ ಬದಲಾವಣೆ, ಅಕ್ಷರ ಹೇಗೆ ಕಾಣಬೇಕೆಂಬುದು. ಮೂರನೆಯದು ಭಾಷೆಯ ಗುರುತು, ಈ ಪದ ಯಾವ ಭಾಷೆಯದೆಂದು ಕಡತ ನೆನಪಿಟ್ಟುಕೊಳ್ಳುವುದು. ಮೊದಲೆರಡು ಕಣ್ಣಿಗೆ ಕಾಣುತ್ತವೆ. ಆದ್ದರಿಂದ ನಾವು ಮಾಡುತ್ತೇವೆ. ಮೂರನೆಯದು ಕಾಣುವುದಿಲ್ಲ, ಆದ್ದರಿಂದ ಮಾಡುವುದಿಲ್ಲ. ಕಾಗುಣಿತ ತಪ್ಪನ್ನು ಯಾವ ಪದಕೋಶದಿಂದ ನೋಡಬೇಕು, ಸಾಲಿನ ಕೊನೆಯಲ್ಲಿ ಪದವನ್ನು ಎಲ್ಲಿ ಒಡೆಯಬೇಕು, ಯಾವ ದನಿಯಲ್ಲಿ ಓದಿ ಹೇಳಬೇಕು ಎಂಬುದೆಲ್ಲ ನಿಂತಿರುವುದು ಈ ಮೂರನೆಯದರ ಮೇಲೆ.

ಮೊದಲ ಕೆಲಸವೇ ಸಾಕಷ್ಟು ಹೈರಾಣ ಮಾಡುತ್ತದೆ. ಕಳೆದ ತಿಂಗಳು ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಪರವಾಗಿ ಎರಡು ಪುಟದ ಪತ್ರವೊಂದನ್ನು ಬರೆದೆ. ಸಂಘದ ನೋಂದಣಿ ಸಂಖ್ಯೆ, ಇ-ಮೇಲ್ ವಿಳಾಸಗಳು, ಯಂತ್ರದ ಮಾದರಿಗಳು ಎಂದು ರೋಮನ್ ಅಕ್ಷರ ಬೇಕಾದ ಕಡೆಗಳು ಹಲವಿದ್ದವು. ಕುತೂಹಲಕ್ಕೆಂದು ಎಣಿಸಿದೆ. ಭಾಷೆ ಬದಲಿಸುವ ಕೀಲಿಯನ್ನು ನಲವತ್ತೇಳು ಬಾರಿ ಒತ್ತಿದ್ದೆ. ಅದರಲ್ಲಿ ಹನ್ನೊಂದು ಬಾರಿ ಒತ್ತಿದ್ದು ಹಿಂದಿನ ಸಲ ಒತ್ತಲು ಮರೆತು ಮೂಡಿದ್ದನ್ನು ಅಳಿಸಿ ಮತ್ತೆ ಬರೆಯಲು. ಒಂದು ತಂತ್ರಾಂಶದಲ್ಲಿ ಆಲ್ಟ್ ಮತ್ತು ಶಿಫ್ಟ್ ಒಟ್ಟಿಗೆ. ಇನ್ನೊಂದರಲ್ಲಿ ವಿಂಡೋಸ್ ಕೀಲಿಯೊಂದಿಗೆ ಸ್ಪೇಸ್. 'ನುಡಿ'ಯಲ್ಲಿ ಬರೆದು ರೂಢಿಯಾದವರ ಬೆರಳು ಸ್ಕ್ರೋಲ್ ಲಾಕ್ ಕೀಲಿಯನ್ನು ಅರಸುತ್ತದೆ, ಅದು ಇಂದಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಇಲ್ಲವೇ ಇಲ್ಲ. ಈಗ ಯಾವ ಭಾಷೆಯಲ್ಲಿದ್ದೇವೆಂದು ತೋರಿಸುವ ಗುರುತು ಪರದೆಯ ಕೆಳಮೂಲೆಯಲ್ಲಿ ಸಣ್ಣಕ್ಷರದಲ್ಲಿರುತ್ತದೆ. ಬರೆಯುವವನ ಕಣ್ಣು ಬರೆಯುತ್ತಿರುವ ಸಾಲಿನಲ್ಲಿರುತ್ತದೆಯೇ ಹೊರತು ಮೂಲೆಯಲ್ಲಲ್ಲ.

ಕನ್ನಡದ ಜಾಯಮಾನ ಇದಕ್ಕೆ ಮತ್ತೊಂದು ತೊಡಕನ್ನು ಸೇರಿಸುತ್ತದೆ. ನಮ್ಮಲ್ಲಿ ವಿಭಕ್ತಿ ಪ್ರತ್ಯಯ ಪದಕ್ಕೆ ಅಂಟಿಕೊಂಡೇ ಬರಬೇಕು. ರೋಮನ್ ಲಿಪಿಯ ಹೆಸರೊಂದಕ್ಕೆ 'ನಲ್ಲಿ', 'ಇಂದ', 'ಗೆ' ಸೇರಿಸಿದರೆ ಭಾಷೆ ಪದದ ಹೊಟ್ಟೆಯೊಳಗೇ ಬದಲಾಗುತ್ತದೆ. ಅರ್ಧ ಪದ ಇಂಗ್ಲಿಷ್, ಅರ್ಧ ಕನ್ನಡ. ಇದನ್ನು ಪರೀಕ್ಷಿಸಬೇಕಾದದ್ದು ಯಾವ ಪದಕೋಶ? ಪದವೆಂದರೆ ಒಂದೇ ಭಾಷೆಯದೆಂದು ನಂಬಿ ರೂಪಿಸಿದ ತಂತ್ರಾಂಶ ಇಲ್ಲಿ ಎರಡು ಕಡೆಯೂ ಕೆಂಪು ಗೀಟೆಳೆಯುತ್ತದೆ. ಇಂಗ್ಲಿಷ್ ಪದವನ್ನು ಕನ್ನಡ ಲಿಪಿಯಲ್ಲೇ ಬರೆದರೂ ಪೀಡೆ ತಪ್ಪದು. 'ವರ್ಡ್‌ನಲ್ಲಿ' ಎಂದು ಬರೆಯುವಾಗ 'ಡ್' ಮತ್ತು 'ನ' ಒತ್ತಕ್ಷರವಾಗಿ ಕೂಡಿಕೊಳ್ಳದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ ಸಂಕೇತವೊಂದನ್ನು ಇಡಬೇಕು. ಅದನ್ನು ಮೂಡಿಸುವ ಕೀಲಿ ಯಾವುದೆಂದು ಎಷ್ಟು ಮಂದಿಗೆ ಗೊತ್ತು?

'ಎಲ್ಲವನ್ನೂ ಕನ್ನಡ ಲಿಪಿಯಲ್ಲೇ ಬರೆದರಾಯಿತು, ಬದಲಿಸುವ ಗೋಜೇ ಬೇಡ' ಎನ್ನುವವರಿದ್ದಾರೆ. ಪತ್ರಿಕೆಗೆ ಅದು ಸರಿಯಾದ ನೀತಿ. ಈ ಲೇಖನದಲ್ಲೂ ಒಂದೇ ಒಂದು ರೋಮನ್ ಅಕ್ಷರವಿಲ್ಲ. ಆದರೆ ವೈದ್ಯರ ಚೀಟಿ, ಸಸ್ಯಶಾಸ್ತ್ರದ ಪುಸ್ತಕ, ಕ್ರಯಪತ್ರಕ್ಕೆ ಲಗತ್ತಿಸುವ ಷರಾ, ಇ-ಮೇಲ್ ವಿಳಾಸ ಇವುಗಳಿಗೆ ಆ ನೀತಿ ಹೊಂದುವುದಿಲ್ಲ. ಇನ್ನೊಂದು ತುದಿಯಲ್ಲಿ, ಬದಲಿಸುವ ಗೋಜೇ ಬೇಡವೆಂದು ಕನ್ನಡವನ್ನೇ ರೋಮನ್ ಲಿಪಿಯಲ್ಲಿ ಬರೆಯುವ ತಲೆಮಾರೊಂದು ಮೊಬೈಲ್ ಫೋನುಗಳಲ್ಲಿ ಬೆಳೆದಿದೆ. ಅವರಿಗೆ ಅಭಿಮಾನವಿಲ್ಲವೆಂದು ದೂರುವುದಕ್ಕಿಂತ, ಪ್ರತಿ ವಾಕ್ಯಕ್ಕೂ ನಾಲ್ಕು ಬಾರಿ ಕೀಲಿಮಣೆ ಬದಲಿಸುವ ಶಿಕ್ಷೆಯಿಂದ ಅವರು ತಪ್ಪಿಸಿಕೊಳ್ಳುತ್ತಿದ್ದಾರೆಂದು ಅರ್ಥ ಮಾಡಿಕೊಳ್ಳುವುದು ಹೆಚ್ಚು ಪ್ರಯೋಜನಕಾರಿ. ಕಷ್ಟವಾದದ್ದನ್ನು ಜನ ಬಿಡುತ್ತಾರೆ. ಇಲ್ಲಿ ಬಿಟ್ಟುಹೋಗುತ್ತಿರುವುದು ಕನ್ನಡದ ಲಿಪಿ.

ಮೌನವಾದ ಪುಟ

ಮೂರನೆಯ ಕೆಲಸದ, ಅಂದರೆ ಭಾಷೆಯ ಗುರುತಿನ ಮಹತ್ವ ನನಗೆ ತಿಳಿದದ್ದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ. ಆತನಿಗೆ ಹುಟ್ಟಿನಿಂದಲೇ ದೃಷ್ಟಿಯಿಲ್ಲ. ಗಣಕದ ಪರದೆಯನ್ನು ದನಿಯಾಗಿಸುವ ತಂತ್ರಾಂಶದ ನೆರವಿನಿಂದ ಓದುತ್ತಾನೆ, ಬರೆಯುತ್ತಾನೆ, ಒಳ್ಳೆಯ ಕೆಲಸದಲ್ಲಿದ್ದಾನೆ. ತಂದೆಯವರ ಪುಸ್ತಕದ ಕರಡನ್ನು ಹೇಗೋ ಕೈಯಿಂದ ತಿದ್ದಿ ಮುಗಿಸಿದ ಮೇಲೆ ಅವನಿಗೊಂದು ಪ್ರತಿ ಕಳಿಸಿದೆ. ಮರುದಿನ ಫೋನ್ ಮಾಡಿದ. "ಸರ್, ನೀವು ಕಳಿಸಿದ್ದರಲ್ಲಿ ಬರೀ ಗಿಡಗಳ ಇಂಗ್ಲಿಷ್ ಹೆಸರು, ಪುಟದ ಸಂಖ್ಯೆ ಇಷ್ಟೇ ಇದೆಯಲ್ಲ. ಕನ್ನಡ ಎಲ್ಲಿ?" ಎಂದ.

ಕನ್ನಡ ಇತ್ತು. ಆದರೆ ಕಡತದಲ್ಲಿ ಇಡೀ ಪುಸ್ತಕ 'ಅಮೆರಿಕದ ಇಂಗ್ಲಿಷ್' ಎಂದು ನಮೂದಾಗಿತ್ತು. ನಾನು ನಮೂದಿಸಿದ್ದಲ್ಲ. ಹೊಸ ಕಡತ ತೆರೆದಾಗ ತಂತ್ರಾಂಶ ತಾನಾಗಿ ಹಚ್ಚಿದ ಗುರುತು ಅದು. ಅದನ್ನು ನಂಬಿದ ಓದುವ ತಂತ್ರಾಂಶ ಇಂಗ್ಲಿಷ್ ದನಿಯನ್ನು ಕರೆಯಿತು. ಇಂಗ್ಲಿಷ್ ಮಾತ್ರ ಬಲ್ಲ ಆ ದನಿ ತನಗೆ ಗೊತ್ತಿರುವುದನ್ನು ಓದಿ, ಕನ್ನಡ ಬಂದಲ್ಲೆಲ್ಲ ಸುಮ್ಮನಾಯಿತು. ಕಣ್ಣಿರುವ ನನಗೆ ಪುಟ ತುಂಬಿತ್ತು, ಅವನಿಗೆ ಖಾಲಿಯಾಗಿತ್ತು. ಕನ್ನಡವನ್ನು ಓದುವ ದನಿ ಇಲ್ಲವೆಂದಲ್ಲ. ಆಸ್ಟ್ರೇಲಿಯಾದಲ್ಲಿ 2006ರಲ್ಲಿ ಆರಂಭವಾದ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಇಂದು ಕನ್ನಡವನ್ನೂ ಓದಬಲ್ಲದು. ಪಠ್ಯದಲ್ಲಿ ಭಾಷೆಯ ಗುರುತಿದ್ದರೆ ಅದಕ್ಕೆ ತಕ್ಕಂತೆ ತನ್ನ ದನಿಯನ್ನು ತಾನೇ ಬದಲಿಸಿಕೊಳ್ಳುವ ಸೌಲಭ್ಯವೂ ಅದರಲ್ಲಿದೆ. ಯಂತ್ರ ಸಿದ್ಧವಾಗಿದೆ. ಗುರುತು ಹಚ್ಚಬೇಕಾದವರು ನಾವು.

ಹಾಗೆಂದು ಬರೆಯುವವರನ್ನೇ ದೂರುವುದು ನ್ಯಾಯವಲ್ಲ. ಇಂದು ಬಹುತೇಕ ಕಚೇರಿಗಳಲ್ಲಿ ಬಳಸುವ ವರ್ಡ್ ಕಡತದ ಒಳರಚನೆಯನ್ನು ನೋಡಿದರೆ, ಪಠ್ಯದ ಪ್ರತಿ ತುಣುಕಿಗೂ ಭಾಷೆಯನ್ನು ನಮೂದಿಸಲು ಮೂರು ಖಾನೆಗಳಿವೆ: ರೋಮನ್‌ನಂಥ ಲಿಪಿಗಳ ಭಾಷೆಗೊಂದು, ಚೀನಾ-ಜಪಾನ್-ಕೊರಿಯಾಗಳ ಭಾಷೆಗೊಂದು, 'ಸಂಕೀರ್ಣ ಲಿಪಿ'ಗಳ ಭಾಷೆಗೊಂದು. 2010ರಲ್ಲಿ ಓಪನ್ ಆಫೀಸಿನಿಂದ ಕವಲೊಡೆದ ಲಿಬ್ರೆ ಆಫೀಸಿನಲ್ಲೂ ಇದೇ ಮೂರು ಗುಂಪುಗಳು. ಕನ್ನಡ, ಹಿಂದಿ, ತಮಿಳು, ಅರಬ್ಬಿ ಎಲ್ಲವೂ ಮೂರನೆಯ ಖಾನೆಯ ಸಹನಿವಾಸಿಗಳು. ಕನ್ನಡದೊಂದಿಗೆ ಇಂಗ್ಲಿಷ್ ಬೆರೆತರೆ ಈ ಏರ್ಪಾಡು ಹೇಗೋ ಸಾಗುತ್ತದೆ. ಕನ್ನಡದೊಂದಿಗೆ ದೇವನಾಗರಿಯ ಹಿಂದಿ ಬೆರೆತರೆ ಒಂದೇ ಖಾನೆಗೆ ಇಬ್ಬರು ಹಕ್ಕುದಾರರು. ಯಾವುದು ಯಾವುದೆಂದು ನಾವೇ ಬಿಡಿಬಿಡಿಯಾಗಿ ಆಯ್ದು ಹೇಳಬೇಕು. ಹೇಳುವ ದಾರಿಯೋ ಪಠ್ಯವನ್ನು ಆಯ್ದು, ಪಟ್ಟಿಯೊಳಗಿನ ಪಟ್ಟಿಗೆ ಇಳಿದು, ಅಲ್ಲಿನ ನೂರಾರು ಭಾಷೆಗಳ ಸಾಲಿನಲ್ಲಿ ನಮ್ಮದನ್ನು ಹುಡುಕುವುದು. ಪುಟಕ್ಕೆ ಇಪ್ಪತ್ತು ಬಾರಿ ಇದನ್ನು ಮಾಡುವ ತಾಳ್ಮೆ ಯಾರಿಗಿದೆ?

'ಲಿಪಿ ನೋಡಿ ಭಾಷೆಯನ್ನು ತಂತ್ರಾಂಶವೇ ಊಹಿಸಲಿ, ಈಗ ಕೃತಕ ಬುದ್ಧಿಮತ್ತೆಯೂ ಬಂದಿದೆ' ಎಂಬ ಮಾತು ಕೇಳಿಬರುತ್ತದೆ. ಊಹಿಸಲಿ, ಅದರಿಂದ ಅರ್ಧ ಕೆಲಸ ಹಗುರಾದೀತು. ಆದರೆ ಕರ್ನಾಟಕದಲ್ಲಿ ಲಿಪಿ ಮತ್ತು ಭಾಷೆ ಒಂದೇ ಅಲ್ಲವೆಂಬುದನ್ನು ಮರೆಯಬಾರದು. ಕನ್ನಡ ಲಿಪಿಯಲ್ಲಿ ತುಳು ಬರೆಯುತ್ತಾರೆ, ಕೊಂಕಣಿ ಬರೆಯುತ್ತಾರೆ, ಕೊಡವ ಬರೆಯುತ್ತಾರೆ, ಬ್ಯಾರಿ ಬರೆಯುತ್ತಾರೆ, ಸಂಸ್ಕೃತವನ್ನಂತೂ ತಲೆತಲಾಂತರದಿಂದ ಬರೆಯುತ್ತಿದ್ದೇವೆ. 2016ರಲ್ಲಿ ಆರಂಭವಾದ ತುಳು ವಿಕಿಪೀಡಿಯ ಇರುವುದು ಕನ್ನಡ ಲಿಪಿಯಲ್ಲೇ. ತುಳು-ತಿಗಳಾರಿ ಲಿಪಿಗೆ ಯೂನಿಕೋಡಿನಲ್ಲಿ ಜಾಗ ಸಿಕ್ಕಿದ್ದು 2024ರಲ್ಲಿ. ತುಳು ವಾಕ್ಯವನ್ನು ಕನ್ನಡವೆಂದು ಊಹಿಸಿದ ಯಂತ್ರ ಅದರ ಪ್ರತಿ ಪದವನ್ನೂ ತಪ್ಪು ಕನ್ನಡವೆಂದು ಗೀಟೆಳೆಯುತ್ತದೆ. ಒಂದು ಭಾಷೆಯನ್ನು ಇನ್ನೊಂದರ ತಪ್ಪುರೂಪವೆಂದು ತೋರಿಸುವುದು ಬರಿಯ ತಾಂತ್ರಿಕ ದೋಷವಲ್ಲ. ಒಂದೆರಡು ಪದದ ತುಣುಕಿನಲ್ಲಂತೂ ಯಾವ ಬುದ್ಧಿಮತ್ತೆಗೂ ಖಚಿತವಾಗಿ ಹೇಳಲಾಗದು. 'ಬ್ರಾಹ್ಮಿ' ಕನ್ನಡವೋ ಸಂಸ್ಕೃತವೋ ಎಂಬುದನ್ನು ಬರೆದವನೇ ಹೇಳಬೇಕು.

ಏನು ಮಾಡಬಹುದು?

ತಂತ್ರಾಂಶ ರೂಪಿಸುವವರಿಂದ ಕೇಳಬೇಕಾದದ್ದು ದೊಡ್ಡ ಸಂಶೋಧನೆಯೇನಲ್ಲ. ಮೂರು ಕೆಲಸಗಳನ್ನು ಒಂದು ಕೀಲಿಗೆ ಕಟ್ಟಿ ಎಂಬುದು ಮೊದಲ ಬೇಡಿಕೆ. ಕೀಲಿಮಣೆ ಕನ್ನಡಕ್ಕೆ ತಿರುಗಿದರೆ ಅಕ್ಷರಶೈಲಿಯೂ ಭಾಷೆಯ ಗುರುತೂ ಅದರೊಂದಿಗೇ ತಿರುಗಲಿ. ಹಾಗೆಯೇ, ಈಗಾಗಲೇ ಬರೆದ ಇಂಗ್ಲಿಷ್ ಪದವೊಂದನ್ನು ತಿದ್ದಲು ಅದರೊಳಗೆ ಹೋದಾಗ ಕೀಲಿಮಣೆ ತಾನಾಗಿ ಇಂಗ್ಲಿಷಿಗೆ ತಿರುಗಬೇಕು. ಸುತ್ತಲಿನ ಪಠ್ಯದ ಭಾಷೆಗೆ ತಕ್ಕಂತೆ ಕೀಲಿಮಣೆ ಬದಲಾಗುವ ಆಯ್ಕೆ ವರ್ಡ್‌ನಲ್ಲಿ ಇದ್ದೇ ಇದೆ, ಆದರೆ ಸೆಟ್ಟಿಂಗಿನ ಒಳಮನೆಯಲ್ಲಿ. ಅದನ್ನು ಜಗುಲಿಗೆ ತರಬೇಕು. ಸದ್ಯದ ಭಾಷೆ ಯಾವುದೆಂಬ ಸೂಚನೆ ಪರದೆಯ ಮೂಲೆಯಲ್ಲಲ್ಲ, ಬರೆಯುತ್ತಿರುವ ಸಾಲಿನ ಪಕ್ಕದಲ್ಲೇ ಕಾಣಬೇಕು. ಭಾಷೆ ಬದಲಿಸಲು ಮರೆತು ಒಂದು ಸಾಲು ತಪ್ಪಾಗಿ ಮೂಡಿದರೆ, ಅಳಿಸಿ ಮತ್ತೆ ಬರೆಯದೆಯೇ ಅದನ್ನು ಉದ್ದೇಶಿತ ಭಾಷೆಗೆ ತಿರುಗಿಸುವ ಸೌಲಭ್ಯ ಬೇಕು. ನಾನು ಬಳಸುವ ಮೂರೋ ನಾಲ್ಕೋ ಭಾಷೆಗಳು ಮಾತ್ರ ಕೈಗೆಟಕುವ ಪಟ್ಟಿಯಲ್ಲಿರಲಿ. ಜಗತ್ತಿನ ಉಳಿದ ಭಾಷೆಗಳು ಬೇಕೆಂದಾಗ ಬರಲಿ.

ಅಲ್ಲಿಯವರೆಗೆ ನಾವೇ ಮಾಡಿಕೊಳ್ಳಬಹುದಾದದ್ದೂ ಇದೆ. ಪದಸಂಸ್ಕಾರಕಗಳಲ್ಲಿ 'ಶೈಲಿ' ಎಂಬ ಏರ್ಪಾಡಿದೆ. 'ಲ್ಯಾಟಿನ್ ಹೆಸರು', 'ಸಂಸ್ಕೃತ ಶ್ಲೋಕ', 'ಇಂಗ್ಲಿಷ್ ಪದ' ಎಂದು ಒಮ್ಮೆ ಶೈಲಿಗಳನ್ನು ಮಾಡಿಟ್ಟು, ಪ್ರತಿಯೊಂದಕ್ಕೂ ಅದರ ಅಕ್ಷರಶೈಲಿಯನ್ನೂ ಭಾಷೆಯನ್ನೂ ಹೊಂದಿಸಿ, ಒಂದೊಂದು ಕೀಲಿಜೋಡಿಗೆ ಕಟ್ಟಿಕೊಂಡರೆ ಮೂರರಲ್ಲಿ ಎರಡು ಕೆಲಸ ಒಂದೇ ಒತ್ತಿಗೆ ಆಗುತ್ತದೆ. ಹೊಂದಿಸಲು ಅರ್ಧ ಗಂಟೆ ಸಾಕು. ಶಾಲೆ-ಕಾಲೇಜುಗಳ ಗಣಕ ತರಬೇತಿಯಲ್ಲಿ ಅಕ್ಷರವನ್ನು ದಪ್ಪ ಮಾಡುವುದು, ಬಣ್ಣ ಹಚ್ಚುವುದನ್ನು ಕಲಿಸುವ ಮೊದಲು ಇದನ್ನು ಕಲಿಸಬೇಕು. ಸರ್ಕಾರಿ ಕಚೇರಿಗಳ ಪತ್ರಗಳ ಮಾದರಿ ಕಡತಗಳಲ್ಲಿ ಮೂಲಭಾಷೆ ಕನ್ನಡವೆಂದು ಮೊದಲೇ ನಮೂದಿಸಿಟ್ಟರೆ, ಸಾವಿರಾರು ಗುಮಾಸ್ತರು ತಮಗೆ ತಿಳಿಯದಂತೆಯೇ ಸರಿಯಾದ ಕಡತಗಳನ್ನು ಸಿದ್ಧಪಡಿಸುತ್ತಾರೆ. 1963ರ ರಾಜಭಾಷಾ ಅಧಿನಿಯಮದ ಆಶಯ ಕಾಗದದ ಮೇಲಿನ ಕನ್ನಡಕ್ಕಷ್ಟೇ ಸೀಮಿತವಾಗಬೇಕಿಲ್ಲ. ಇನ್ನು ಹಳೆಯ ಕಡತಗಳನ್ನು ಪರಿವರ್ತಿಸುವವರಿಗೆ ಒಂದೇ ಮಾತು: ಪಠ್ಯದ ಅಕ್ಷರಶೈಲಿಯ ಮಾಹಿತಿಯನ್ನು ಕಳಚಬೇಡಿ, ಮೂಲಪ್ರತಿಯನ್ನು ಅಳಿಸಬೇಡಿ.

ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಮೌನವಾದ ಪುಟದ ಬಗ್ಗೆ ಫೋನ್ ಮಾಡಿದ ಆ ವಿದ್ಯಾರ್ಥಿಯೇ ಹಳೆಯ ಸಿ.ಡಿ.ಯಲ್ಲಿದ್ದ ಮೂಲ ಕಡತವನ್ನು ಕೇಳಿ ತರಿಸಿಕೊಂಡ. ಅದರ ಪ್ರತಿ ತುಣುಕಿನ ಅಕ್ಷರಶೈಲಿಯನ್ನು ನೋಡಿ, ಕನ್ನಡದ್ದನ್ನು ಮಾತ್ರ ಪರಿವರ್ತಿಸಿ, ಉಳಿದದ್ದನ್ನು ಹಾಗೆಯೇ ಉಳಿಸಿಕೊಳ್ಳುವ ಸಣ್ಣ ಕ್ರಮವಿಧಿಯೊಂದನ್ನು ಬರೆದ. ಹದಿನಾರು ವರ್ಷ ಹಿಂದೆ ಆ ಹುಡುಗಿ ಬೇಸರಿಸದೆ ಹಚ್ಚಿದ್ದ ಗುರುತುಗಳೆಲ್ಲ ಅಲ್ಲಿದ್ದವು. ಅವುಗಳ ಆಧಾರದ ಮೇಲೆಯೇ ಭಾಷೆಯ ಗುರುತುಗಳನ್ನೂ ಹಚ್ಚಿದ. ಶ್ಲೋಕಗಳನ್ನು ಮಾತ್ರ ನಾವಿಬ್ಬರೂ ಕೂತು ಒಂದೊಂದಾಗಿ ಗುರುತಿಸಬೇಕಾಯಿತು, ಏಕೆಂದರೆ ಅವು ಕನ್ನಡದ ಅಕ್ಷರಶೈಲಿಯಲ್ಲೇ ಇದ್ದವು. ಅವನು ಕೇಳಿ ಹೇಳುತ್ತಿದ್ದ, ನಾನು ನೋಡಿ ಹಚ್ಚುತ್ತಿದ್ದೆ. ಕರಡಿನಲ್ಲಿ ನಾನು ಕೈಯಿಂದ ತಿದ್ದಿದ್ದ ಲ್ಯಾಟಿನ್ ಹೆಸರುಗಳನ್ನು ಈ ಪ್ರತಿಯೊಂದಿಗೆ ಹೋಲಿಸಿದಾಗ ಒಂಬತ್ತು ಕಡೆ ನನ್ನ ತಿದ್ದುಪಡಿಯೇ ತಪ್ಪಾಗಿತ್ತು. ಅವುಗಳಲ್ಲಿ ಒಂದು ನೀರುಬ್ರಾಹ್ಮಿಯ ಮುಂದೆ ಇತ್ತು. ಅಲ್ಲಿ ನಾನು ಒಂದೆಲಗದ ಹೆಸರನ್ನು ಬರೆದುಬಿಟ್ಟಿದ್ದೆ.

ಪುಸ್ತಕ ಮರುಮುದ್ರಣವಾಯಿತು. ಅದರ ಜೊತೆಗೆ, ಕೇಳಿ ಓದುವವರಿಗಾಗಿ ಗುರುತು ಹಚ್ಚಿದ ಕಡತವೂ ಸಿದ್ಧವಾಯಿತು. ಬರೆಯುವಾಗ ಒಂದು ಕೀಲಿಯನ್ನು ಹೆಚ್ಚಿಗೆ ಒತ್ತುವುದು ಕಿರಿಕಿರಿಯೆನಿಸುತ್ತದೆ, ನಿಜ. ಆ ಕಿರಿಕಿರಿಯನ್ನು ತಗ್ಗಿಸುವುದು ತಂತ್ರಾಂಶ ರೂಪಿಸುವವರ ಕರ್ತವ್ಯ. ಅವರನ್ನು ಕೇಳುತ್ತಲೇ ಇರುವುದು ಬಳಸುವ ನಮ್ಮ ಕರ್ತವ್ಯ. ಅದು ಆಗುವವರೆಗೆ ಆ ಕೀಲಿಯನ್ನು ಒತ್ತೋಣ. ನಾವು ಬರೆದದ್ದನ್ನು ಇಪ್ಪತ್ತು ವರ್ಷದ ನಂತರ ತೆರೆಯುವವರಿಗೂ, ಕಣ್ಣಿಲ್ಲದೆ ಓದುವವರಿಗೂ ಅದರ ಅಗತ್ಯವಿದೆ.